ಹಳೇ ಬಂಗಲೆ ಮಾರಾಟಕ್ಕಿದೆ, ಕೊಳ್ಳಬಹುದೇ?

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಲಕ್ಷ್ಮೀಪುರಂ ಕಡೆಯ ಹಳೆಯ ಬಂಗಲೆಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಟ್ಟಡದ ಪ್ರಶ್ನೆಗಳಿಗೆ ಹಳೇ ಮನೆಗಳ ದುರಸ್ತಿ ಮಾಡಿಸುವ ಎಂಜಿನಿಯರ್, ಕಾಗದಪತ್ರದ ಪ್ರಶ್ನೆಗಳಿಗೆ ಆಸ್ತಿ ವ್ಯವಹಾರ ನೋಡುವ ವಕೀಲರು ಉತ್ತರಿಸಿದ್ದಾರೆ.

ಪ್ರ: ಬಸವನಗುಡಿಯ ಒಳರಸ್ತೆಯೊಂದರಲ್ಲಿ 1930ರ ದಶಕದ ಬಂಗಲೆ ಮಾರಾಟಕ್ಕಿದೆ. 50–80ರ ನಿವೇಶನ. ಹೊಸದಾಗಿ ಬಣ್ಣ ಹೊಡೆಸಿದ್ದಾರೆ, ನೋಡಲು ಲಕ್ಷಣವಾಗಿದೆ. ಎಂಜಿನಿಯರ್ ಕರೆದುಕೊಂಡು ಹೋಗುವ ಮೊದಲು ನಾವೇ ಏನೇನು ನೋಡಿಕೊಳ್ಳಬಹುದು? (ಬೆಂಗಳೂರಿನ ಓದುಗರು)

ಉ: ಮಾರಾಟಕ್ಕೆ ಮುಂಚೆ ಬಣ್ಣ ಹೊಡೆಸಿದ ಹಳೇ ಮನೆಗಿಂತ ಹೊಡೆಸದ ಮನೆಯೇ ಕೊಳ್ಳುವವರಿಗೆ ವಾಸಿ. ಗೋಡೆಯ ತೇವ, ಬಿರುಕು, ಉಪ್ಪಿನ ಬಿಳಿ ಪುಡಿ ಎಲ್ಲವೂ ಆರು ತಿಂಗಳ ಮಟ್ಟಿಗೆ ಬಣ್ಣದಡಿ ಅಡಗಿರುತ್ತವೆ. ಆದ್ದರಿಂದ ಬಣ್ಣ ಬೀಳದ ಕಡೆ ನೋಡಿ: ಗೋಡೆ ಬೀರುವಿನ ಒಳಗೆ, ಮೆಟ್ಟಿಲ ಕೆಳಗೆ, ಉಗ್ರಾಣದ ಅಟ್ಟದ ಮೇಲೆ, ಬಚ್ಚಲುಮನೆಯ ಹಿಂಬದಿಯ ಗೋಡೆಯ ಮೇಲೆ. ಸಾಧ್ಯವಾದರೆ ಜೋರು ಮಳೆಯಾದ ಮರುದಿನ ಬೆಳಿಗ್ಗೆ ಹೋಗಿ.

ಟಾರ್ಚು, ಸ್ಕ್ರೂಡ್ರೈವರ್, ಒಂದು ಗೋಲಿ ಇದ್ದರೆ ಸಾಕು. ಮೊದಲು ತಾರಸಿ ಹತ್ತಿ. ನೀರು ಹೊರಹೋಗುವ ಬಾಯಿಗಳಲ್ಲಿ ಎಲೆ ತುಂಬಿದೆಯೇ, ಪ್ಯಾರಾಪೆಟ್ ಗೋಡೆ ತಾರಸಿಯನ್ನು ಸೇರುವ ಮೂಲೆಯಲ್ಲಿ ಅರಳಿ ಸಸಿ ಎದ್ದಿದೆಯೇ ನೋಡಿ. ಅಂಗೈಯಗಲದ ಸಸಿಯ ಬೇರು ಗೋಡೆಯೊಳಗೆ ಮೊಳದುದ್ದ ಇಳಿದಿರುತ್ತದೆ. ಮೇಲೆ ಅದು ಕಂಡ ಜಾಗಕ್ಕೆ ಸರಿಯಾಗಿ ಕೆಳಗಿನ ಕೋಣೆಯಲ್ಲಿ ನಿಂತು, ತೊಲೆಯ ತುದಿ ಗೋಡೆಯೊಳಗೆ ಹೋಗುವಲ್ಲಿ ಟಾರ್ಚು ಬಿಡಿ. ಚಹಾ ಕಷಾಯದ ಬಣ್ಣದ ಕಲೆ ಇದ್ದರೆ ಅಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತಿ. ಗಟ್ಟಿ ತೇಗದಲ್ಲಿ ಮೊನೆ ಒಂದೆರಡು ಮಿಲಿಮೀಟರ್ ಹೋಗಿ ನಿಲ್ಲುತ್ತದೆ. ಅರ್ಧ ಅಂಗುಲ ಸಲೀಸಾಗಿ ಇಳಿದರೆ ತುದಿ ಕೊಳೆತಿದೆ. ಮಣ್ಣಿನ ಸುರಂಗ ಕಂಡರೆ ಗೆದ್ದಲು. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಮರ ಕೊರೆಯುವ ದುಂಬಿ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಬಿರುಕಿನ ವಯಸ್ಸನ್ನು ಅದರ ಅಂಚು ಹೇಳುತ್ತದೆ. ಒಳಗೆ ಧೂಳು, ಜೇಡರ ಬಲೆ, ಹಳೆಯ ಬಣ್ಣ ಇಳಿದಿದ್ದರೆ ಅದು ಹಳೆಯದು, ಬಹುಶಃ ನಿಂತುಹೋಗಿದೆ. ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ. ಬಣ್ಣ ಹೊಡೆದು ಬಿರುಕು ಮುಚ್ಚಿದ್ದರೆ ಬಾಗಿಲುಗಳನ್ನು ನೋಡಿ. ಬಾಗಿಲಿನ ಮೇಲಂಚನ್ನು ಇತ್ತೀಚೆಗೆ ಹತ್ತರಿ ಹೊಡೆದು ಒಂದೇ ಕಡೆ ತೆಳ್ಳಗೆ ಮಾಡಿದ್ದರೆ ಚೌಕಟ್ಟು ವಾಲಿದೆ ಎಂದರ್ಥ. ಅದಕ್ಕೆ ಬಣ್ಣ ಹೊಡೆಯುವುದು ಯಾರಿಗೂ ನೆನಪಾಗುವುದಿಲ್ಲ. ಗೋಲಿಯನ್ನು ನೆಲದ ಮೇಲೆ ಬಿಟ್ಟಾಗ ಪ್ರತಿ ಸಲವೂ ಹೊರಗೋಡೆಯ ಒಂದೇ ಮೂಲೆಗೆ ಉರುಳಿದರೆ ಆ ಮೂಲೆಯ ಹೊರಗೆ ಚರಂಡಿ ಪೈಪು ಒಡೆದಿದೆಯೇ ಎಂದು ಕೇಳಿ. ಹಳೆಯ ಸುಟ್ಟಮಣ್ಣಿನ ಪೈಪುಗಳ ಸಂದಿನೊಳಗೆ ಮರದ ಬೇರು ನುಗ್ಗುವುದು, ಸೋರಿದ ನೀರಿಗೆ ಪಾಯದ ಮಣ್ಣು ಕುಸಿಯುವುದು ಈ ಬಡಾವಣೆಗಳಲ್ಲಿ ಸಾಮಾನ್ಯ.

ಪ್ರ: ಮನೆಯದು ಮದ್ರಾಸ್ ತಾರಸಿ. ಎರಡು ಕೋಣೆಗಳಲ್ಲಿ ಸೋರುತ್ತದೆ. ಮೇಸ್ತ್ರಿಯೊಬ್ಬರು ಮೇಲೆ ಮೂರಂಗುಲ ಸಿಮೆಂಟ್ ಕಾಂಕ್ರೀಟ್ ಹಾಕಿದರೆ ಸೋರುವುದು ನಿಲ್ಲುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಪೂರ್ತಿ ಕಿತ್ತು ಆರ್‌ಸಿಸಿ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಬೇಕು? (ಮೈಸೂರಿನ ಓದುಗರು)

ಉ: ಸದ್ಯಕ್ಕೆ ಇಬ್ಬರ ಮಾತೂ ಬೇಡ.

ಮದ್ರಾಸ್ ತಾರಸಿ ಹೇಗೆ ನಿಂತಿದೆ ಎಂಬುದು ಮೊದಲು ಗೊತ್ತಿರಲಿ. ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ ತೇಗದ ತೊಲೆಗಳು. ಅವುಗಳ ಮೇಲೆ ತೆಳ್ಳನೆಯ ಪುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಕೋಣೆಗೆ ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಅದರ ಮೇಲೆ ಮೂರು–ನಾಲ್ಕು ಅಂಗುಲ ಇಟ್ಟಿಗೆ ಜಲ್ಲಿ–ಸುಣ್ಣದ ಕಾಂಕ್ರೀಟು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಕೂರಿಸಿದ್ದು. ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು ಅಥವಾ ಗಾರೆ. ಈ ಪದರಗಳು ಬಿಸಿಲಿಗೆ ಹಿಗ್ಗಿ, ಮಳೆಯಲ್ಲಿ ತೇವ ಹೀರಿ, ಮತ್ತೆ ಒಣಗುತ್ತವೆ. ಸಣ್ಣ ಬಿರುಕುಗಳನ್ನು ಸುಣ್ಣ ತಾನೇ ಮುಚ್ಚಿಕೊಳ್ಳುವುದೂ ಉಂಟು.

ಇದರ ಮೇಲೆ ಸಿಮೆಂಟ್ ಹಾಕಿದರೆ ಎರಡು ತೊಂದರೆ. ಒಂದು ಭಾರ. ಮೂರಂಗುಲ ಕಾಂಕ್ರೀಟು ಚದರಡಿಗೆ ಸುಮಾರು 17 ಕಿಲೋ ತೂಗುತ್ತದೆ, ಅಂದರೆ 12 ಅಡಿ ಅಗಲ, 15 ಅಡಿ ಉದ್ದದ ಒಂದು ಕೋಣೆಯ ತೊಲೆಗಳ ಮೇಲೆ ಮೂರು ಟನ್ ಹೊಸದಾಗಿ ಕೂರಿಸಿದಂತೆ. ಎರಡನೆಯದು ಇನ್ನೂ ಕೆಟ್ಟದ್ದು: ಸಿಮೆಂಟಿಗೂ ಸುಣ್ಣಕ್ಕೂ ಹಿಗ್ಗುವ ಲೆಕ್ಕ ಬೇರೆ, ಹಾಗಾಗಿ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಪದರ ಬಿಟ್ಟುಕೊಳ್ಳುತ್ತದೆ. ಬಿರುಕಿನಿಂದ ಒಳಗಿಳಿದ ನೀರು ಮೇಲೆ ಆರಲಾಗದೆ ನಡುವೆ ನಿಂತು ತೊಲೆಯ ತುದಿಗೆ ಹೋಗುತ್ತದೆ. ಸೋರಿಕೆ ಒಂದೆರಡು ವರ್ಷ ನಿಂತಂತೆ ಕಾಣುತ್ತದೆ, ಆ ಹೊತ್ತಿನಲ್ಲೇ ಮರ ಕೊಳೆಯುವುದು.

ಪೂರ್ತಿ ಕಿತ್ತು ಆರ್‌ಸಿಸಿ ಹಾಕುವವರು ಭಾರದ ಭಯ ಪಡಬೇಕಿಲ್ಲ, ಐದಂಗುಲದ ಆರ್‌ಸಿಸಿ ಹಳೇ ತಾರಸಿಗಿಂತ ಭಾರವೇನಲ್ಲ. ಆದರೆ ಒಡೆಯುವಾಗಿನ ನಡುಕ ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಗಳಿಗೆ ತಟ್ಟುತ್ತದೆ. ಆಮೇಲೆ ಬಿಸಿಲಿಗೆ ಹಿಗ್ಗುವ ಸ್ಲ್ಯಾಬು ಗೋಡೆಯ ತಲೆಯನ್ನು ಹೊರಕ್ಕೆ ತಳ್ಳಿ ಚಾವಣಿಯ ಕೆಳಗೆ ಅಡ್ಡಬಿರುಕು ತರುತ್ತದೆ. ತೊಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಮಾತ್ರ ಆ ದಾರಿ.

ಸರಿಯಾದ ಕ್ರಮ ಹೀಗೆ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಕೆಲಸ ಇಟ್ಟುಕೊಳ್ಳಿ. ಕೋಣೆಯೊಳಗೆ ತೊಲೆಗೆ ಅಡ್ಡಲಾಗಿ ಹಲಗೆ ಕೊಟ್ಟು ಜಾಕಿಗಳನ್ನು ನಿಲ್ಲಿಸಿ. ಜಾಕಿಯಿಂದ ಎತ್ತಲು ಹೋಗಬೇಡಿ, ಆನಿಸಿದರೆ ಸಾಕು. ಮೇಲಿನ ಹಾಳಾದ ಹೆಂಚು, ಹಿಂದೆ ಯಾರಾದರೂ ಹಾಕಿದ ಸಿಮೆಂಟು ಎರಡನ್ನೂ ಉಳಿ–ಸುತ್ತಿಗೆಯಲ್ಲಿ ಎರಡಡಿ ಪಟ್ಟಿಗಳಾಗಿ ತೆಗೆಯಿರಿ. ಬ್ರೇಕರ್ ಯಂತ್ರ ಇಟ್ಟರೆ ಕೆಳಗಿನ ಓರೆ ಇಟ್ಟಿಗೆ ಸಡಿಲಾಗಿ ಉದುರುತ್ತದೆ. ಬಿರುಕುಗಳನ್ನು ಬಾಯಿ ಅಗಲ ಮಾಡಿ, ತೊಳೆದು, ಸುಣ್ಣ–ಸುರ್ಕಿ (ಇಟ್ಟಿಗೆ ಪುಡಿ) ಗಾರೆ ತುಂಬಿ. ಸುಣ್ಣ, ಸುರ್ಕಿ, ಮರಳು 1:1:2 ಇದ್ದರೆ ಚೆನ್ನ. ಸುಣ್ಣ ಕನಿಷ್ಠ ಎರಡು ವಾರ ನೀರಿನಲ್ಲಿ ಕಳಿತಿರಬೇಕು. ಅಂಗಡಿಯಿಂದ ತಂದ ಪುಡಿಯನ್ನು ಅಂದೇ ಕಲಸಿದರೆ ಒಳಗುಳಿದ ಹರಳು ಆಮೇಲೆ ಅರಳಿ ಗಾರೆ ಗುಳ್ಳೆ ಬಿಟ್ಟು ಸಿಡಿಯುತ್ತದೆ. ಆಮೇಲೆ ಹೆಂಚು ಕೂರಿಸಿ. ನೀರಿನ ಬಾಯಿಯ ಕಡೆಗೆ 60 ಅಡಿಗೆ ಒಂದಡಿಯಾದರೂ ಇಳಿಜಾರು ಬೇಕು. ಪ್ಯಾರಾಪೆಟ್ ಮೂಲೆಯನ್ನು ಲಂಬವಾಗಿ ಬಿಡದೆ ಗೋಲಗೆ ತಿರುಗಿಸಿ ಗಾರೆ ಕೊಡಿಸಿ, ಸೋರುವುದರಲ್ಲಿ ಮುಕ್ಕಾಲು ಪಾಲು ಆ ಮೂಲೆಯದೇ.

ತೊಲೆಯ ತುದಿ ಮಾತ್ರ ಕೊಳೆತಿದ್ದರೆ ಇಡೀ ತೊಲೆ ಬದಲಿಸಬೇಕಿಲ್ಲ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಎರಡೂ ಪಕ್ಕಕ್ಕೆ ಉಕ್ಕಿನ ಚಾನೆಲ್ ಇಟ್ಟು ಬೋಲ್ಟು ಬಿಗಿದು, ಚಾನೆಲ್ಲನ್ನು ಗೋಡೆಯೊಳಗೆ ಕಲ್ಲಿನ ದಿಂಬಿನ ಮೇಲೆ ಕೂರಿಸುತ್ತಾರೆ. ಮರದ ತುದಿಯ ಸುತ್ತ ಒಂದು ಬೆರಳಿನಷ್ಟು ಸಂದು ಬಿಡಬೇಕು. ಗಾರೆ ತುರುಕಿ ಬಿಗಿ ಮಾಡಿದರೆ ಮರಕ್ಕೆ ಗಾಳಿಯಾಡದೆ ಮತ್ತೆ ಅದೇ ಕಥೆ. ಚಾನೆಲ್ ಅಳತೆ, ಬೋಲ್ಟಿನ ಲೆಕ್ಕ ಎಂಜಿನಿಯರ್ ಕೊಡಬೇಕು.

ಪ್ರ: ಗೋಡೆಯ ಕೆಳಭಾಗ ಮೂರಡಿವರೆಗೆ ಒದ್ದೆ. ಐದು ವರ್ಷದ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿ ವಾಟರ್‌ಪ್ರೂಫ್ ಬಣ್ಣ ಹೊಡೆದಿದ್ದರಂತೆ. ಆದರೂ ಕಿತ್ತು ಬರುತ್ತಿದೆ. (ಮಲ್ಲೇಶ್ವರದ ಓದುಗರು)

ಉ: ‘ಆದರೂ’ ಅಲ್ಲ, ಅದರಿಂದಲೇ. ಹಳೇ ಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ, ನೆಲದ ತೇವ ಗೋಡೆಯೊಳಗೆ ಏರುತ್ತದೆ. ಸುಣ್ಣದ ಗಾರೆಯಿದ್ದಾಗ ಅದು ಆರಿ ಹೋಗುತ್ತಿತ್ತು. ಸಿಮೆಂಟು ಬಾಯಿ ಮುಚ್ಚಿದ್ದರಿಂದ ನೀರು ಇನ್ನೂ ಮೇಲಕ್ಕೆ ಹತ್ತಿ, ಹೊತ್ತು ತಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ತಳ್ಳುತ್ತದೆ. ತೇವದ ಗುರುತಿನಿಂದ ಒಂದಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿ, ಇಟ್ಟಿಗೆ ಸಂದನ್ನು ಅರ್ಧ ಅಂಗುಲ ಕೆರೆಸಿ, ಒಂದು ಬೇಸಿಗೆ ಹಾಗೇ ಆರಲು ಬಿಡಿ. ಅವಸರಪಟ್ಟು ಒಂದೇ ತಿಂಗಳಲ್ಲಿ ಮುಗಿಸಿದವರು ಮತ್ತೆ ಖರ್ಚು ಮಾಡುತ್ತಾರೆ. ಆಮೇಲೆ ಸುಣ್ಣದ ಗಾರೆ, ಮೇಲೆ ಸುಣ್ಣ ಬಳಿಯುವುದು, ಅಷ್ಟೇ. ಪ್ಲಾಸ್ಟಿಕ್ ಎಮಲ್ಶನ್ ಬೇಡ. ಇದಕ್ಕೂ ಮುಂಚೆ ಹೊರಗಿನ ಅಂಗಳದ ಮಟ್ಟ ನೋಡಿ. ವರ್ಷವರ್ಷ ಮಣ್ಣು, ಟೈಲ್ಸು ಏರಿಸುತ್ತ ಬಂದು ಅಂಗಳ ಒಳಗಿನ ನೆಲದ ಮಟ್ಟಕ್ಕೇ ಬಂದಿದ್ದರೆ ಯಾವ ಗಾರೆಯೂ ಉಳಿಯದು. ಅಂಗಳವನ್ನು ಆರಂಗುಲವಾದರೂ ತಗ್ಗಿಸಬೇಕು.

ಪ್ರ: ಮನೆ ತೀರಿಹೋದ ಯಜಮಾನರ ಸ್ವಯಾರ್ಜಿತ. ಉಯಿಲು ಇಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕಿರಿಯ ಮಗಳು ಅಮೆರಿಕದಲ್ಲಿದ್ದಾರೆ. ಹಿರಿಯ ಮಗ ‘ಖಾತೆ ನನ್ನ ಹೆಸರಲ್ಲಿದೆ, ನಾನೊಬ್ಬನೇ ಬರೆದುಕೊಟ್ಟರೆ ಸಾಕು’ ಎನ್ನುತ್ತಾರೆ. (ತುಮಕೂರಿನ ಓದುಗರು)

ಉ: ಸಾಲದು. ಖಾತೆ ತೆರಿಗೆ ಕಟ್ಟುವವರ ಗುರುತು, ಒಡೆತನದ ಪತ್ರವಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಈ ಮನೆಯಲ್ಲಿ ಐವರಿಗೂ ಐದನೇ ಒಂದು ಪಾಲು. ಯಜಮಾನರ ತಾಯಿ ಆಗ ಬದುಕಿದ್ದರೆ ಅವರದೂ ಸೇರಿ ಆರು ಪಾಲು. ಮಕ್ಕಳಲ್ಲಿ ಯಾರಾದರೂ ತಂದೆಗಿಂತ ಮೊದಲೇ ತೀರಿದ್ದರೆ ಅವರ ಹೆಂಡತಿ–ಮಕ್ಕಳನ್ನೂ ಎಣಿಸಬೇಕು. ಎಲ್ಲರೂ ಕ್ರಯಪತ್ರದಲ್ಲಿ ಮಾರಾಟಗಾರರಾಗಿಯೇ ಸಹಿ ಹಾಕಬೇಕು. ಹೆಣ್ಣುಮಕ್ಕಳನ್ನು ‘ಒಪ್ಪಿಗೆ ಸಾಕ್ಷಿ’ ಎಂದು ಕೆಳಗೆ ಬರೆಸುವ ಹಳೇ ಚಾಳಿಗೆ ಒಪ್ಪಬೇಡಿ. ತಂಗಿ ಹಕ್ಕು ಬಿಟ್ಟುಕೊಟ್ಟಿದ್ದಾರೆ ಎಂದರೆ ನೋಂದಣಿಯಾದ ಹಕ್ಕು ಖುಲಾಸೆ ಪತ್ರ ಕೇಳಿ, ಛಾಪಾ ಕಾಗದದ ಮೇಲಿನ ಮುಚ್ಚಳಿಕೆ ಪ್ರಯೋಜನಕ್ಕಿಲ್ಲ. ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಇನ್ನೂ ಉದ್ದ, ಮೊಮ್ಮಕ್ಕಳವರೆಗೂ ಹೋಗುತ್ತದೆ.

ಅಮೆರಿಕದಲ್ಲಿರುವವರು ಬರಲಾಗದಿದ್ದರೆ ಅಧಿಕಾರ ಪತ್ರ ಕೊಡಬಹುದು. ಅದು ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಣವಾಗಿರಬೇಕು, ಇಲ್ಲವೇ ಅಲ್ಲಿನ ನೋಟರಿ ಮಾಡಿಸಿ ಅಪೋಸ್ಟಿಲ್ (ಬೇರೆ ದೇಶದಲ್ಲಿ ಬಳಸಲು ಅಲ್ಲಿನ ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಆಗಿರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಪತ್ರದಲ್ಲಿ ಈ ಸ್ವತ್ತಿನ ಚೆಕ್ಕುಬಂದಿ, ಮಾರುವ ಮತ್ತು ಹಣ ಪಡೆಯುವ ಅಧಿಕಾರ ಎರಡೂ ಸ್ಪಷ್ಟವಾಗಿರಲಿ. ನೋಂದಣಿಯ ದಿನ ಕೊಟ್ಟವರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಿ, ಏಕೆಂದರೆ ಕೊಟ್ಟವರು ತೀರಿಕೊಂಡರೆ ಪತ್ರವೂ ಮುಗಿಯಿತು.

ಇನ್ನು ತೆರಿಗೆ. ಒಟ್ಟು ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಇಲ್ಲಿರುವ ನಾಲ್ವರ ಹಣದಲ್ಲಿ ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಪ್ರತಿಯೊಬ್ಬರ ಪ್ಯಾನ್‌ಗೆ ಬೇರೆ ಬೇರೆಯಾಗಿ ಕಟ್ಟಬೇಕು. ಅನಿವಾಸಿ ಮಗಳ ಪಾಲಿಗೆ ಈ ಶೇ 1 ಸಲ್ಲದು. ದೀರ್ಘಾವಧಿ ಲಾಭದ ಮೇಲಿನ ಶೇ 12.5 ಮತ್ತು ಅದರ ಮೇಲಿನ ಸರ್ಚಾರ್ಜ್, ಸೆಸ್ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಹಿಡಿಯಬೇಕಾದರೆ ಅವರು ಆದಾಯ ತೆರಿಗೆ ಅಧಿಕಾರಿಯಿಂದ ಪ್ರಮಾಣಪತ್ರ ತರಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಒಪ್ಪಂದದ ಅವಧಿ ಹಾಕುವಾಗಲೇ ಅದನ್ನು ಲೆಕ್ಕಕ್ಕಿಡಿ. ನೀವು ಹಿಡಿಯದೆ ಬಿಟ್ಟರೆ ಇಲಾಖೆ ಬರುವುದು ನಿಮ್ಮ ಬಾಗಿಲಿಗೆ.

ಪ್ರ: ಋಣಭಾರ ಪತ್ರ (ಸ್ವತ್ತಿನ ನೋಂದಾಯಿತ ವಹಿವಾಟುಗಳ ಪಟ್ಟಿ) ತೆಗೆಸಿದ್ದೇವೆ, 2004ರಿಂದ ಏನೂ ಇಲ್ಲ. ಇಷ್ಟು ಸಾಕೇ? (ಬೆಂಗಳೂರಿನ ಓದುಗರು)

ಉ: ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸುಲಭವಾಗಿ ಸಿಗುವುದು 2004ರಿಂದ ಈಚಿನದು. 1930ರ ಮನೆಗೆ ಅದು ಕೊನೆಯ ಅಧ್ಯಾಯ ಮಾತ್ರ. ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಕೈಬರಹದ ಪುಸ್ತಕಗಳಿಂದ ಹುಡುಕಿಸಿ. ವಹಿವಾಟಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16ರಲ್ಲಿ ಕೊಡುತ್ತಾರೆ. ಉಯಿಲು, ನೋಂದಣಿಯಾಗದ ಕರಾರು, ಕೋರ್ಟಿನ ದಾವೆ ಇವು ಯಾವುದೂ ಅದರಲ್ಲಿ ಕಾಣುವುದಿಲ್ಲ. ಮೂಲ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಜೆರಾಕ್ಸ್ ಮಾತ್ರ ತೋರಿಸುತ್ತಿದ್ದರೆ ಮೂಲ ಎಲ್ಲೋ ಅಡವಿದೆ ಎಂದೇ ಅನುಮಾನಿಸಿ. ಬೆಂಗಳೂರಿನಲ್ಲಿ ಈಗ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಅದು ತೀರಿಹೋದವರ ಹೆಸರಲ್ಲೇ ಉಳಿದಿದ್ದರೆ ಮುಂಗಡ ಕೊಡುವ ಮುಂಚೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಹೇಳಿ.

ಪ್ರ: ಪತ್ರದಲ್ಲಿ ಉದ್ದ 80 ಅಡಿ, ಟೇಪು ಹಿಡಿದರೆ 88. ಹೆಚ್ಚು ಸಿಕ್ಕರೆ ಒಳ್ಳೆಯದೇ ಅಲ್ಲವೇ?

ಉ: ಹಿತ್ತಲಿನ ಗೋಡೆಯ ಕಡೆ ಹೋಗಿ ನೋಡಿ. 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಸಂದಿ ಬಿಟ್ಟಿದ್ದರು. ಆಗಿನ ಶೌಚಾಲಯಗಳ ಮಲ ಹೊರಲು ಅದೇ ದಾರಿ. ಒಳಚರಂಡಿ ಬಂದ ಮೇಲೆ ಎಷ್ಟೋ ಕಡೆ ಅದನ್ನು ಹಿತ್ತಲಿಗೆ ಸೇರಿಸಿಕೊಂಡಿದ್ದಾರೆ. ಜಾಗ ಪಾಲಿಕೆಯದು, ಎಷ್ಟು ವರ್ಷ ಅನುಭೋಗಿಸಿದರೂ ಕ್ರಯಪತ್ರಕ್ಕೆ ಸೇರದು. ಬೆಲೆಯನ್ನು 80 ಅಡಿಗೇ ಕಟ್ಟಿ. ಆ ಎಂಟಡಿಯಲ್ಲಿ ಶೆಡ್ಡು, ಬಾಡಿಗೆ ಕೋಣೆ ಇದ್ದರೆ ಬೆಲೆಯಿಂದ ಕಳೆಯಿರಿ. ಔಟ್‌ಹೌಸ್‌ನಲ್ಲಿ ಯಾರಾದರೂ ವಾಸವಿದ್ದರೆ ಅವರು ಖಾಲಿ ಮಾಡಿದ ಮೇಲೆಯೇ ನೋಂದಣಿ. ‘ಆಮೇಲೆ ಬಿಡಿಸಿಕೊಡ್ತೀವಿ’ ಎಂಬ ಮಾತಿಗೆ ಬೆಲೆ ಇಲ್ಲ.

ಪ್ರ: ಕೆಂಪು ನೆಲದಲ್ಲಿ ಬಿರುಕುಗಳಿವೆ, ಹೊಳಪು ಹೋಗಿದೆ. ಯಂತ್ರದ ಪಾಲಿಶ್ ಮಾಡಿಸಬಹುದೇ?

ಉ: ಅಮೃತಶಿಲೆಯ ನೆಲ ಉಜ್ಜುವ ಯಂತ್ರವನ್ನು ಹತ್ತಿರ ಬಿಡಬೇಡಿ. ರೆಡ್ ಆಕ್ಸೈಡ್ ಸೇರಿದ ಮೇಲ್ಪದರ ಕೆಲವೇ ಮಿಲಿಮೀಟರ್ ದಪ್ಪ. ಒರಟು ಕಲ್ಲು ಒಂದು ಸುತ್ತು ಬಂದರೆ ಕೆಳಗಿನ ಬೂದು ಸಿಮೆಂಟು ತೇಪೆ ತೇಪೆಯಾಗಿ ಎದ್ದು ಕಾಣುತ್ತದೆ, ಅದನ್ನು ಮತ್ತೆ ಕೆಂಪು ಮಾಡಲಾಗದು. ನಾಣ್ಯದಿಂದ ತಟ್ಟುತ್ತ ಬನ್ನಿ. ಗಟ್ಟಿ ಸದ್ದು ಬರುವ ಬಿರುಕುಗಳನ್ನು ಹಾಗೇ ಬಿಡಿ. ಟೊಳ್ಳು ಸದ್ದಿನ ಜಾಗವನ್ನಷ್ಟೇ ಚೌಕವಾಗಿ ಕತ್ತರಿಸಿ ಹೊಸದಾಗಿ ಹಾಕಿಸಿ. ಬಣ್ಣ ಕೂಡುವುದಿಲ್ಲ, ಹಾಗಾಗಿ ತೇಪೆಯ ಬದಲು ಕಪ್ಪು ಅಥವಾ ಹಳದಿ ಅಂಚುಪಟ್ಟಿ ಕೊಡುವುದು ಜಾಣತನ. ಆಸಿಡ್ ಮುಟ್ಟಿಸದೆ, ಸಾದಾ ಸೋಪುನೀರಿನಲ್ಲಿ ತೊಳೆದು, ಒಣಗಿದ ಮೇಲೆ ನೆಲದ ಮೇಣ ತೆಳ್ಳಗೆ ಉಜ್ಜಿದರೆ ಕೆಲವು ವಾರಗಳಲ್ಲಿ ಹೊಳಪು ಮರಳುತ್ತದೆ.

ಪ್ರ: ಮುಂದಿನ ವರಾಂಡಕ್ಕೆ ಮಂಗಳೂರು ಹೆಂಚು, ಕಿಟಕಿಗಳಿಗೆ ಮಂಕಿ ಟಾಪ್ (ಮರದ ಪಟ್ಟಿಗಳ ಇಳಿಜಾರು ಮರೆ). ಒಡೆದ ಹೆಂಚಿಗೆ ಹೊಸದು ಹಾಕಿದರೂ ಸೋರುತ್ತದೆ.

ಉ: ಎಲ್ಲ ಮಂಗಳೂರು ಹೆಂಚೂ ಒಂದೇ ಅಳತೆಯಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹತ್ತಾರು ಕಾರ್ಖಾನೆಗಳು ಹುಟ್ಟಿಕೊಂಡವು, ಒಂದೊಂದರ ಅಚ್ಚೂ ಸ್ವಲ್ಪ ಬೇರೆ. ಹೆಂಚನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಒಂದು ಇಡೀ ಹೆಂಚನ್ನು ಹಳೇ ಸಾಮಾನಿನ ಅಂಗಡಿಗೆ ಒಯ್ದು ಅದೇ ಗುರುತಿನದು ಹುಡುಕಿ. ನಾಲ್ಕನ್ನು ಜೋಡಿಸಿ ಕೊಕ್ಕೆ ಕೂರುವುದನ್ನು ನೋಡಿಯೇ ಕೊಳ್ಳಿ. ಚದರ ಮೀಟರಿಗೆ ಸುಮಾರು 15 ಬೇಕು, ಹತ್ತಕ್ಕೆ ಒಂದು ಹೆಚ್ಚು ತನ್ನಿ. ಎರಡು ಇಳಿಜಾರು ಕೂಡುವ ಕಣಿವೆಯ ತಗಡು ತುಕ್ಕು ಹಿಡಿದಿದೆಯೇ ಅದನ್ನೂ ನೋಡಿ. ಹೆಂಚಿನ ಮೇಲೆ ಹೊರಿಸುವ ತಪ್ಪು ಹಲವು ಸಲ ಆ ತಗಡಿನದು. ಮಂಕಿ ಟಾಪ್‌ನ ಮರದ ಪಟ್ಟಿಗಳು ಕೆಳತುದಿಯಿಂದ ಕೊಳೆಯುತ್ತವೆ. ಒಳ್ಳೆಯ ಪಟ್ಟಿಯೊಂದನ್ನು ರಟ್ಟಿನ ಮೇಲೆ ಅಚ್ಚು ತೆಗೆದು ತೇಗದಲ್ಲೇ ಕೊಯ್ಸಿ, ಹಿತ್ತಾಳೆ ತಿರುಪಿನಿಂದ ಕೂರಿಸಿ. ಕಬ್ಬಿಣದ ಮೊಳೆ ತುಕ್ಕಿನಿಂದ ಉಬ್ಬಿ ಮರ ಸೀಳುತ್ತದೆ.

ಪ್ರ: ವೈರಿಂಗ್ ಮರದ ಪಟ್ಟಿಯ ಮೇಲಿದೆ, ಕೆಲಸ ಮಾಡುತ್ತಿದೆ. ಬಿಡಬಹುದೇ?

ಉ: ಇಲ್ಲ. ಹಳೇ ರಬ್ಬರ್ ಹೊದಿಕೆ ಬೆರಳು ತಾಗಿದರೆ ಪುಡಿಯಾಗುತ್ತದೆ, ಅರ್ತಿಂಗ್ ಇರುವುದಿಲ್ಲ. ಪೂರ್ತಿ ಬದಲಿಸಿ.

ಪ್ರ: ಬೆಲೆ ಸುಮಾರು 4 ಕೋಟಿ. ಸಾಲ ಎಷ್ಟು ಸಿಗಬಹುದು? ನೋಂದಣಿ ಖರ್ಚೆಷ್ಟು?

ಉ: 75 ಲಕ್ಷ ಮೀರಿದ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಸ್ವತ್ತಿನ ಮೌಲ್ಯದ ಶೇ 75 ಮಿತಿ. ನೋಂದಣಿ ಖರ್ಚನ್ನು ಮೌಲ್ಯಕ್ಕೆ ಸೇರಿಸುವುದಿಲ್ಲ. ಕಟ್ಟಡದ ವಯಸ್ಸು ನೋಡಿ ಬ್ಯಾಂಕಿನ ಮೌಲ್ಯಮಾಪಕರು ನೆಲಕ್ಕೆ ಮಾತ್ರ ಬೆಲೆ ಕಟ್ಟುವುದುಂಟು, ಮುಂಗಡಕ್ಕೆ ಮೊದಲೇ ಕೇಳಿಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಅಂದರೆ 30 ಲಕ್ಷದ 40 ಸಾವಿರ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ.

ಪ್ರ: ಅಂಗಳದಲ್ಲಿ ದೊಡ್ಡ ಹಲಸಿನ ಮರ, ಎರಡು ತೆಂಗು ಇವೆ. ಕಾರು ನಿಲ್ಲಿಸಲು ಕಡಿಸಬಹುದೇ?

ಉ: ತೆಂಗಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹಲಸಿಗೆ ಇಲ್ಲ, ನಿಮ್ಮದೇ ಅಂಗಳವಾದರೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೇಳುವ ಮುಂಚೆ ಗೇಟನ್ನು ಎಂಟಡಿ ಆಚೆ ಸರಿಸಿದರೆ ಕಾರು ಹಿಡಿಸುತ್ತದೆಯೇ ಅಳೆದು ನೋಡಿ. ಬಹಳ ಕಡೆ ಹಿಡಿಸುತ್ತದೆ.